ಬಿಡಿಭಾಗಗಳ ಪಾಠ ಮತ್ತು ಬಾರದ ಉತ್ತರ

ಕಾದಂಬರಿಯೊಂದು ಚೆನ್ನಾಗಿಲ್ಲವೆಂದು ಧೈರ್ಯವಾಗಿ ಹೇಳುವ ನಾವು, ಮಕ್ಕಳ ಕೈಯಲ್ಲಿರುವ ಕಂಪ್ಯೂಟರ್ ಪುಸ್ತಕ ಚೆನ್ನಾಗಿಲ್ಲವೆನ್ನಲು ಹಿಂಜರಿಯುತ್ತೇವೆ. ಅದು ನಮಗೆ ತಿಳಿಯದ ವಿದ್ಯೆ, ದಪ್ಪನೆಯ ಪುಸ್ತಕ, ಬೆಲೆಯೂ ಹೆಚ್ಚು. ಆದ್ದರಿಂದ ಸರಿಯಾಗಿಯೇ ಇರಬೇಕು ಎಂದು ಒಪ್ಪಿಕೊಂಡುಬಿಡುತ್ತೇವೆ. ಪಠ್ಯಪುಸ್ತಕಕ್ಕೂ ವಿಮರ್ಶೆ ಬೇಕು ಎಂಬುದು ನನ್ನ ನಂಬಿಕೆ. ಅದರಲ್ಲೂ ಈ ಚೆನ್ನೈ ನಗರದಲ್ಲಿ, ನಮ್ಮ ಸಂಘದ ಅರ್ಧಕ್ಕರ್ಧ ಮನೆಗಳ ಮಕ್ಕಳು ಹಳೆಯ ಮಹಾಬಲಿಪುರಂ ರಸ್ತೆಯ ಕಚೇರಿಗಳನ್ನೇ ಕಣ್ಣಿಟ್ಟುಕೊಂಡು ಓದುತ್ತಿರುವಾಗ, ಆ ಓದಿನ ಒಂದು ಭಾಗವನ್ನಾದರೂ ತೂಗಿ ನೋಡುವುದು ತಪ್ಪಾಗಲಾರದು. ನಾನು ಆರಿಸಿಕೊಂಡಿರುವುದು ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಹರಡಿಕೊಂಡು ನಡೆಯುವ ಕೆಲಸಗಳಿಗೆ ಬಿಡಿ ಘಟಕಗಳನ್ನು ಜೋಡಿಸಿ ಪ್ರೋಗ್ರಾಂ ಬರೆಯುವ ವಿದ್ಯೆಯನ್ನು.

2001ರಲ್ಲಿ ನನ್ನ ಅಕ್ಕನ ಮಗ ಇದೇ ವಿದ್ಯೆಗೆಂದು ಊರಿನ ಒಂದು ತರಬೇತಿ ಕೇಂದ್ರಕ್ಕೆ ಆರು ತಿಂಗಳು ಹೋದ. ಭಾವ ಪ್ರಾವಿಡೆಂಟ್ ಫಂಡಿನಿಂದ ಸಾಲ ತೆಗೆದು ಶುಲ್ಕ ಕಟ್ಟಿದರು. ಹುಡುಗನ ನೋಟ್ ಬುಕ್ಕನ್ನು ನಾನು ನೋಡಿದ್ದೇನೆ. ಕಾರ್ಬಾ ಎಂದರೇನು, ಡಿಕಾಮ್ ಎಂದರೇನು, ಎಂಟರ್‌ಪ್ರೈಸ್ ಜಾವಾ ಬೀನ್ಸ್ ಎಷ್ಟು ಬಗೆ, ಹೆಸರುಗಳ ಪೂರ್ಣರೂಪ ಬರೆಯಿರಿ - ಹೀಗೆ ಪ್ರಶ್ನೆ, ಅದರ ಕೆಳಗೆ ಉತ್ತರ. ಪ್ರಮಾಣಪತ್ರವೂ ಬಂತು. ಮೊದಲನೆಯ ಸಂದರ್ಶನದಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ನೀನು ಬೇರೆ ಊರಿನ ಕಂಪ್ಯೂಟರಿನಲ್ಲಿರುವ ಘಟಕವನ್ನು ಕರೆದೆ. ಅದು ಉತ್ತರ ಕೊಡಲಿಲ್ಲ. ಆಗೇನು ಮಾಡುತ್ತೀಯ?" ಇವನು ಮುಗ್ಧವಾಗಿ, "ಕೊಡುತ್ತದೆ ಸಾರ್" ಎಂದನಂತೆ. ಮನೆಗೆ ಬಂದು ಇದನ್ನು ಹೇಳಿದಾಗ ನಾವೆಲ್ಲ ನಕ್ಕೆವು. ಭಾವ ಮಾತ್ರ ನಗಲಿಲ್ಲ.

ತಪ್ಪು ಹುಡುಗನದಲ್ಲ. ಉತ್ತರ ಬಾರದೆ ಇರಬಹುದು ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಈ ವಿದ್ಯೆಯ ಮೂಲದಲ್ಲಿರುವ ಆಸೆ ಸೊಗಸಾದದ್ದೇ. 1968ರಲ್ಲಿ ಜರ್ಮನಿಯ ಗಾರ್ಮಿಶ್ ಎಂಬಲ್ಲಿ ನಡೆದ ಸಮ್ಮೇಳನದಲ್ಲಿ ಡಗ್ಲಸ್ ಮ್ಯಾಕಿಲ್‌ರಾಯ್ ಎಂಬವರು, ಕಾರ್ಖಾನೆಗಳಲ್ಲಿ ನಟ್ಟು ಬೋಲ್ಟುಗಳನ್ನು ತಯಾರಿಸಿದಂತೆ ಪ್ರೋಗ್ರಾಮುಗಳ ಬಿಡಿಭಾಗಗಳನ್ನೂ ತಯಾರಿಸಿ ಮಾರುವಂತಾಗಬೇಕೆಂದು ವಾದಿಸಿದರು. ಎಲ್ಲವನ್ನೂ ಎಲ್ಲರೂ ಮೊದಲಿನಿಂದ ಬರೆಯುವುದೇಕೆ? ಒಬ್ಬ ಬರೆದ ಭಾಗವನ್ನು ಇನ್ನೊಬ್ಬ ತಂದು ಜೋಡಿಸಿಕೊಳ್ಳಲಿ. ಮುಂದೆ ಕಂಪ್ಯೂಟರುಗಳಿಗೆ ತಂತಿಯ ಸಂಪರ್ಕ ಬಂದಾಗ ಆಸೆ ಇನ್ನೊಂದು ಮೆಟ್ಟಿಲು ಏರಿತು: ಬಿಡಿಭಾಗ ಬೇರೆ ಯಂತ್ರದಲ್ಲಿದ್ದರೂ ಪಕ್ಕದಲ್ಲೇ ಇರುವಂತೆ ಕರೆಯಲು ಬರಬೇಕು. 1991ರ ಕಾರ್ಬಾ, 1996ರ ಡಿಕಾಮ್, 1998ರ ಎಂಟರ್‌ಪ್ರೈಸ್ ಜಾವಾ ಬೀನ್ಸ್ ಎಲ್ಲವೂ ಈ ಆಸೆಯ ಕೂಸುಗಳು. ಪಕ್ಕದಲ್ಲೇ ಇರುವಂತೆ ಎಂಬ ಮಾತಿನಲ್ಲೇ ಎಡವಟ್ಟು ಇರುವುದು.

ನಮ್ಮ ಅನುಭವದ ಉದಾಹರಣೆ ರೈಲ್ವೆ ಟಿಕೆಟು. 1980ರ ದಶಕದಲ್ಲಿ ಮುಂಗಡ ಟಿಕೆಟಿನ ಕೆಲಸ ಕಂಪ್ಯೂಟರಿಗೆ ಬಂದ ಮೇಲೂ ಮದರಾಸಿನ ಕಂಪ್ಯೂಟರಿಗೂ ಮುಂಬಯಿಯ ಕಂಪ್ಯೂಟರಿಗೂ ಮಾತುಕತೆ ಇರಲಿಲ್ಲ. ಮಾಟುಂಗದ ನೆಂಟರ ಮನೆಯ ಮದುವೆಗೆ ಹೋಗುವವರು ಹೋಗುವ ಟಿಕೆಟನ್ನು ಇಲ್ಲಿ ಪಡೆದು, ಬರುವ ಟಿಕೆಟಿಗೆ ತಂತಿ ಕಳಿಸಿ ಕಾಯಬೇಕಿತ್ತು, ಇಲ್ಲವೇ ಮದುವೆಯ ಗಡಿಬಿಡಿಯಲ್ಲಿರುವ ನೆಂಟರನ್ನೇ ಅಲ್ಲಿ ಸಾಲಿನಲ್ಲಿ ನಿಲ್ಲಿಸಬೇಕಿತ್ತು. ರೈಲ್ವೆಯ ಕಂಪ್ಯೂಟರ್ ಸಂಸ್ಥೆಯಾದ ಕ್ರಿಸ್, ಕಾನ್ಸರ್ಟ್ ಎಂಬ ವ್ಯವಸ್ಥೆಯನ್ನು ಕಟ್ಟಿ, 1994ರಲ್ಲಿ ಸಿಕಂದರಾಬಾದಿನಲ್ಲಿ ಆರಂಭಿಸಿ, 1999ರ ಹೊತ್ತಿಗೆ ದೆಹಲಿ, ಮುಂಬಯಿ, ಕಲ್ಕತ್ತ, ಚೆನ್ನೈ ಸೇರಿ ಐದೂ ಕೇಂದ್ರಗಳನ್ನು ಒಂದಕ್ಕೊಂದು ಹೆಣೆಯಿತು. ಅವುಗಳ ನಡುವೆ ಮಾತು ಸಾಗಿಸಲು ಡಿಜಿಟಲ್ ಕಂಪನಿಯ ರಿಲಯಬಲ್ ಟ್ರಾನ್ಸ್ಯಾಕ್ಷನ್ ರೂಟರ್ ಎಂಬ ಮಧ್ಯವರ್ತಿ ಪ್ರೋಗ್ರಾಂ ಇತ್ತು. ಹೆಸರಿನಲ್ಲೇ ಮೊದಲ ಪದ ನಂಬಿಕೆಗೆ ಸಂಬಂಧಿಸಿದ್ದು ಎಂಬುದನ್ನು ಗಮನಿಸಬೇಕು.

ಈಗ ಚೆನ್ನೈ ಕೌಂಟರಿನಲ್ಲಿ ಕುಳಿತ ಗುಮಾಸ್ತರು ಮುಂಬಯಿಯಿಂದ ಹೊರಡುವ ಗಾಡಿಯ ಒಂದು ಬರ್ತು ಕೇಳಿದರೆನ್ನೋಣ. ಕೋರಿಕೆ ಮುಂಬಯಿಗೆ ಹೋಯಿತು. ಉತ್ತರ ಬರಲಿಲ್ಲ. ಕೋರಿಕೆಯೇ ದಾರಿಯಲ್ಲಿ ಕಳೆದುಹೋಯಿತೋ? ತಲುಪಿ, ಬರ್ತು ನಮ್ಮ ಹೆಸರಿಗಾಗಿ, ಉತ್ತರ ಮಾತ್ರ ಕಳೆದುಹೋಯಿತೋ? ಅಥವಾ ಮುಂಬಯಿಯ ಯಂತ್ರ ಸುಮ್ಮನೆ ನಿಧಾನವಾಗಿದೆಯೋ? ಇಲ್ಲಿ ಕುಳಿತವರಿಗೆ ಮೂರೂ ಒಂದೇ ರೀತಿ ಕಾಣುತ್ತವೆ. ಊರಿಗೆ ಕಾಗದ ಬರೆದು ಉತ್ತರಕ್ಕೆ ಕಾದ ನಮ್ಮ ತಾಯಂದಿರಿಗೆ ಈ ಸಂಕಟ ಚೆನ್ನಾಗಿ ಗೊತ್ತಿತ್ತು. ಮತ್ತೆ ಕೇಳಿದರೆ ಎರಡು ಬರ್ತು ಆಗಿಬಿಡಬಹುದು. ಕೇಳದಿದ್ದರೆ ಒಂದೂ ಇಲ್ಲದಿರಬಹುದು. ಆದ್ದರಿಂದ ಇಂಥ ವ್ಯವಸ್ಥೆ ಕಟ್ಟುವವರು ಪ್ರತಿ ಕೋರಿಕೆಗೂ ಬೇರೆ ಬೇರೆ ಸಂಖ್ಯೆ ಕೊಡುತ್ತಾರೆ. ಅದೇ ಸಂಖ್ಯೆ ಎರಡನೆಯ ಸಲ ಬಂದರೆ ಹೊಸ ಬರ್ತು ಕೊಡದೆ ಹಿಂದಿನ ಉತ್ತರವನ್ನೇ ಮತ್ತೊಮ್ಮೆ ಹೇಳಬೇಕೆಂಬುದು ಕರಾರು. ಇನ್ನೊಂದು ಉಪಾಯ, ಹಣ ಮತ್ತು ಬರ್ತು ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು ಎಂದು ಕಟ್ಟುಮಾಡುವುದು. ಮೊಬೈಲಿನಲ್ಲಿ ಹಣ ಹೋಗಿ ಟಿಕೆಟು ಬಾರದೆ ಕಕ್ಕಾಬಿಕ್ಕಿಯಾದವರೆಲ್ಲ ಈ ಕಟ್ಟು ಸಡಿಲವಾದ ಜಾಗದಲ್ಲಿ ನಿಂತು ಬಂದವರೇ.

ಇದು ಹೊಸದಾಗಿ ತಿಳಿದ ಸಂಗತಿಯಲ್ಲ. 1994ರಲ್ಲೇ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಜಿಮ್ ವಾಲ್ಡೊ ಮತ್ತು ಮೂವರು ಸಹೋದ್ಯೋಗಿಗಳು ಒಂದು ಚಿಕ್ಕ ಪ್ರಬಂಧ ಬರೆದು, ದೂರದ ಘಟಕವನ್ನು ಹತ್ತಿರದ್ದೆಂಬಂತೆ ನಟಿಸಿದರೆ ಕೆಡುತ್ತೀರಿ ಎಂದು ಎಚ್ಚರಿಸಿದರು. ಒಂದೇ ಯಂತ್ರದಲ್ಲಾದರೆ ಸಾಮಾನ್ಯವಾಗಿ ಕೆಟ್ಟರೆ ಎಲ್ಲವೂ ಕೆಡುತ್ತದೆ. ಹಲವು ಯಂತ್ರಗಳಲ್ಲಾದರೆ ಅರ್ಧ ಕೆಟ್ಟು ಅರ್ಧ ನಡೆಯುತ್ತಿರುತ್ತದೆ, ಯಾವ ಅರ್ಧವೆಂದು ಹೇಳುವವರಿರುವುದಿಲ್ಲ. ಈ ನಾಲ್ವರಲ್ಲಿ ಒಬ್ಬರಾದ ಆ್ಯನ್ ವೋಲ್‌ರಾತ್ ಮುಂದೆ ಜಾವಾ ಭಾಷೆಗೆ ದೂರದ ಕರೆಯ ಏರ್ಪಾಟನ್ನು ರೂಪಿಸಿದಾಗ, ದೂರದ ಪ್ರತಿಯೊಂದು ಕರೆಯೂ ವಿಫಲವಾಗಬಹುದೆಂದು ಬರೆಯಲೇಬೇಕೆಂಬ ನಿಯಮವಿತ್ತು. ನನ್ನ ಅಕ್ಕನ ಮಗನ ನೋಟ್ ಬುಕ್ಕಿನಲ್ಲಿ ಆ ಸಾಲು ಪುಟಪುಟದಲ್ಲೂ ಇತ್ತು. ಅದನ್ನೇಕೆ ಬರೆಯಬೇಕೆಂದು ಕೇಳಿದ್ದಕ್ಕೆ, ಬರೆಯದಿದ್ದರೆ ಪ್ರೋಗ್ರಾಂ ಓಡುವುದಿಲ್ಲ ಎಂದು ಮೇಷ್ಟ್ರು ಹೇಳಿದ್ದರಂತೆ! ಇಡೀ ವಿದ್ಯೆಯ ತಿರುಳಿದ್ದ ಸಾಲು ಅದು.

ಹೆಸರುಗಳ ಪಾಠಕ್ಕೆ ಆಯುಷ್ಯವೂ ಕಡಿಮೆ. ದೂರದ ಕರೆ ದುಬಾರಿಯೆಂದು ಒಪ್ಪಿಕೊಂಡಂತೆ, 2001ರ ಎಂಟರ್‌ಪ್ರೈಸ್ ಜಾವಾ ಬೀನ್ಸ್ ಎರಡನೆಯ ಆವೃತ್ತಿಯಲ್ಲಿ ಹತ್ತಿರದ ಕರೆಗೆ ಬೇರೆ ದಾರಿ ಮಾಡಿಕೊಟ್ಟರು. 2004ರಲ್ಲಿ ಸ್ಪ್ರಿಂಗ್ ಬಂದು ಆ ಭಾರವೇ ಬೇಡವೆಂದಿತು. 2018ರಲ್ಲಿ ಜಾವಾದ ಹನ್ನೊಂದನೆಯ ಆವೃತ್ತಿಯಿಂದ ಕಾರ್ಬಾವನ್ನು ಕಿತ್ತುಹಾಕಿದರು. ಭಾವನ ಸಾಲದಲ್ಲಿ ಕೊಂಡ ಪೂರ್ಣರೂಪಗಳು ಹೀಗೆ ಒಂದೊಂದಾಗಿ ಉದುರಿದವು. ಈಗ ಡಾಕರ್, ಕುಬರ್ನೆಟಿಸ್, ಮೈಕ್ರೋಸರ್ವಿಸ್ ಎಂಬ ಹೆಸರುಗಳಿವೆ. ತರಬೇತಿಯ ಜಾಹೀರಾತುಗಳಲ್ಲಿ ಪಾಠದ ಧಾಟಿ ಮಾತ್ರ ಹಳೆಯದೇ.

ಒಳ್ಳೆಯ ಪುಸ್ತಕಗಳೇ ಇಲ್ಲವೆಂದಲ್ಲ. ಕ್ಲೆಮೆನ್ಸ್ ಜಿಪರ್ಸ್ಕಿಯವರ 'ಕಾಂಪೊನೆಂಟ್ ಸಾಫ್ಟ್‌ವೇರ್' (ಎರಡನೆಯ ಮುದ್ರಣ 2002) ಗಂಭೀರವಾದ ಕೃತಿ. ಘಟಕವೆಂದರೆ ತಾನೇನು ಕೊಡುತ್ತೇನೆ, ತನಗೆ ಹೊರಗಿನಿಂದ ಏನೇನು ಬೇಕು, ಎರಡನ್ನೂ ಕರಾರಿನಲ್ಲಿ ಮೊದಲೇ ಹೇಳಿಕೊಳ್ಳುವಂಥದ್ದು ಎಂಬರ್ಥದ ಅವರ ವ್ಯಾಖ್ಯೆ ಇಂದಿಗೂ ನಿಲ್ಲುತ್ತದೆ. ಮದುವೆಗೆ ಅಡುಗೆಯವರನ್ನು ಗೊತ್ತುಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೋಳಿಗೆ, ಬಿಸಿಬೇಳೆಭಾತು ಮಾಡಿಕೊಡುತ್ತೇನೆ ಎಂದಷ್ಟೇ ಹೇಳುವ ಅಡುಗೆಭಟ್ಟರಿಗಿಂತ, ಎಷ್ಟು ಕೊಪ್ಪರಿಗೆ, ಎಷ್ಟು ಸಿಲಿಂಡರು, ಸುತ್ತುಕೆಲಸಕ್ಕೆ ಎಷ್ಟು ಜನ ಬೇಕೆಂದು ಮೊದಲೇ ಹೇಳುವವರನ್ನು ನಾವು ನಂಬುತ್ತೇವೆ. ಇಲ್ಲದಿದ್ದರೆ ಬೆಳಗಿನ ಜಾವ ನಾಲ್ಕಕ್ಕೆ ನಲ್ಲಿಯಲ್ಲಿ ನೀರಿಲ್ಲದಿರುವುದು ಗೊತ್ತಾಗುತ್ತದೆ. ವಿದ್ಯಾರ್ಥಿಗಳು ಈ ವ್ಯಾಖ್ಯೆಯ ಮೊದಲರ್ಧವನ್ನು ಬಾಯಿಪಾಠ ಮಾಡಿ ಎರಡನೆಯ ಅರ್ಧವನ್ನು ಬಿಡುತ್ತಾರೆ. ಇದೇ ಪುಸ್ತಕದಲ್ಲಿ ಮೂರು ದೊಡ್ಡ ಪಾಳೆಯಗಳ ತಂತ್ರಗಳನ್ನು ಒಂದೊಂದಾಗಿ ವರ್ಣಿಸುವ ಉದ್ದದ ಅಧ್ಯಾಯಗಳು ಈಗ ಹಳೆಯ ರೈಲ್ವೆ ವೇಳಾಪಟ್ಟಿಯಂತಾಗಿವೆ. ಅವನ್ನು ದಾಟಿಕೊಂಡು, ಆನುವಂಶಿಕತೆಯ ಅಪಾಯವನ್ನೂ ಕರೆದವನನ್ನೇ ತಿರುಗಿ ಕರೆಯುವ ತೊಡಕನ್ನೂ ಚರ್ಚಿಸುವ ಭಾಗಗಳನ್ನು ಓದಬೇಕು.

ಭಾಷೆಯ ಬಗ್ಗೆ ಒಂದು ಮಾತು. ಇಂಟರ್‌ಫೇಸ್, ಸರ್ವರ್ ಮುಂತಾದ ಹೆಸರುಗಳಿಗೆ ಕನ್ನಡ ಪದ ಟಂಕಿಸುವ ಆತುರ ನನಗಿಲ್ಲ. ಶಾಲೆಯಲ್ಲಿ ತಮಿಳು, ಇಂಗ್ಲಿಷು, ಮನೆಯಲ್ಲಿ ಕನ್ನಡ ಎಂದು ಬೆಳೆಯುವ ನಮ್ಮ ಮಕ್ಕಳಿಗೆ ಹೆಸರುಗಳೇ ಹೆಚ್ಚಾಗಿವೆ. ಆದರೆ "ಉತ್ತರ ಬರಲಿಲ್ಲ, ಈಗೇನು?" ಎಂಬ ವಿಚಾರವನ್ನು ಊಟದ ಹೊತ್ತಿನಲ್ಲಿ ಕನ್ನಡದಲ್ಲಿ ಮಾತಾಡಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಹಾಗೆ ಮಾತಾಡಿದಾಗ ಬಾಯಿಪಾಠ ಯಾವುದು, ತಿಳಿವು ಯಾವುದು ಎಂಬುದು ಕಂಪ್ಯೂಟರ್ ಅರಿಯದ ಅಜ್ಜಿಗೂ ಗೊತ್ತಾಗುತ್ತದೆ.

ಹಣ ಕಟ್ಟುವ ಮೊದಲು ನೋಡಬೇಕಾದ ಪಾಠಗಳು ಹಣವಿಲ್ಲದೆಯೇ ಸಿಗುತ್ತವೆ. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟೆಲ್‌ನಲ್ಲಿ ಈ ವಿಷಯದ ಉಪನ್ಯಾಸಗಳಿವೆ. ಇದರಲ್ಲಿ ಇಲ್ಲಿಯ ಗಿಂಡಿಯ ಐಐಟಿಯ ಪಾತ್ರ ದೊಡ್ಡದು. ನನಗೆ ಹೆಚ್ಚು ಹಿಡಿಸಿದ್ದು ಅಮೆರಿಕದ ಎಂಐಟಿಯಲ್ಲಿ ರಾಬರ್ಟ್ ಮಾರಿಸ್ ಮಾಡಿದ ಪಾಠ. 2020ರ ಉಪನ್ಯಾಸಗಳು ಯೂಟ್ಯೂಬಿನಲ್ಲಿವೆ. ಅಲ್ಲಿಯ ಪ್ರಯೋಗಗಳಲ್ಲಿ ಪರೀಕ್ಷಿಸುವ ಪ್ರೋಗ್ರಾಮೇ ಬೇಕೆಂದು ಸಂದೇಶಗಳನ್ನು ಕಳೆಯುತ್ತದೆ, ತಡಮಾಡುತ್ತದೆ, ಒಂದು ಸರ್ವರನ್ನು ನಡುವೆಯೇ ಕೊಲ್ಲುತ್ತದೆ. ಆಗಲೂ ಉಳಿದವು ಒಮ್ಮತಕ್ಕೆ ಬರಬೇಕು. ಅದಕ್ಕೆ ಬಳಸುವ ರಾಫ್ಟ್ ಎಂಬ ವಿಧಾನವನ್ನು 2014ರಲ್ಲಿ ಪ್ರಕಟಿಸಿದ ಒಂಗಾರೊ ಮತ್ತು ಔಸ್ಟರ್‌ಹೌಟ್, ಓದಿದವರಿಗೆ ಅರ್ಥವಾಗಬೇಕೆಂಬುದನ್ನೇ ಗುರಿಯಾಗಿಟ್ಟುಕೊಂಡಿದ್ದರು. ಅಂಥ ಗುರಿ ಈ ಶಾಸ್ತ್ರದಲ್ಲಿ ಅಪರೂಪ.

ಅಕ್ಕನ ಮೊಮ್ಮಗಳು ಈಗ ಅದೇ ಪ್ರಯೋಗ ಮಾಡುತ್ತಿದ್ದಾಳೆ. ಅವಳ ಪ್ರೋಗ್ರಾಂ ನೂರು ಸಲ ಓಡಿಸಿದರೆ ತೊಂಬತ್ತೆಂಟು ಸಲ ಗೆಲ್ಲುತ್ತದೆ. ಉಳಿದ ಎರಡು ಸಲ ಏನಾಯಿತೆಂದು ಮೂರು ರಾತ್ರಿಗಳಿಂದ ಹುಡುಕುತ್ತಿದ್ದಾಳೆ. ಅವಳಪ್ಪನೂ ಪಕ್ಕದಲ್ಲಿ ಕುಳಿತು ನೋಡುತ್ತಿರುತ್ತಾನೆ.