ಹಗುರ ಕಾರಿಗೆ ಅಗಲ ಟೈರು ಬೇಡ

ಟೈರಿನ ಮೈಮೇಲಿನ ಅಂಕಿ-ಅಕ್ಷರಗಳನ್ನು ಓದುವ ಬಗೆ ಈ ವಾರದ ವಿಷಯ ಎಂದು ಹೇಳಿದ್ದೆ. ಅದನ್ನು ಕೊನೆಯಲ್ಲಿ ಚುಟುಕಾಗಿ ಮುಗಿಸುತ್ತೇನೆ. ರಾಮದುರ್ಗದಿಂದ ಬಂದ ಪ್ರಶ್ನೆಯೊಂದು ಅದಕ್ಕಿಂತ ದೊಡ್ಡದು. ಓದುಗರ ಹತ್ತಿರ 15 ಇಂಚಿನ ಗಾಲಿಯ ಸ್ವಿಫ್ಟ್ ಇದೆ. ಬೇಡದ ಭಾರವನ್ನೆಲ್ಲ ಇಳಿಸಿ ಹಗುರ ಮಾಡಿಕೊಂಡಿದ್ದಾರೆ. ವರ್ಷಕ್ಕೆ ಒಂದೆರಡು ಸಲ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಅದನ್ನೇ ಓಡಿಸಿಕೊಂಡು ಹೋಗುತ್ತಾರೆ, ಉಳಿದ ದಿನ ಅದರಲ್ಲೇ ಸವದತ್ತಿ, ಬೈಲಹೊಂಗಲ ತಿರುಗಾಟ. ಟೈರು ಸವೆದಿವೆ. ಅಂಗಡಿಯಲ್ಲಿ 17 ಇಂಚಿನ ರಿಮ್ಮು, 215ರ ಟೈರು ಹಾಕಿಸಿರಿ, ಗ್ರಿಪ್ಪು ಬೇರೆಯೇ ಆಗುತ್ತದೆ ಅಂದಿದ್ದಾರೆ. ಹಾಕಿಸಬೇಕೇ?

ಬೇಡ. ಈ ಅಂಕಣದಲ್ಲಿ ಅಗಲ ಟೈರಿನ ಪಂಥದ ಜೊತೆ ನನ್ನ ಜಗಳ ಹಳೆಯದು, ಇವತ್ತು ಅದನ್ನು ಪೂರ್ತಿ ಬಿಡಿಸಿ ಹೇಳಿಬಿಡುತ್ತೇನೆ.

ಮೊದಲು ತೂಕದ ಲೆಕ್ಕ. ಈಗಿನ ಸ್ವಿಫ್ಟ್ 900 ಕಿಲೋ ಆಸುಪಾಸು ತೂಗುತ್ತದೆ. ಓಡಿಸುವವರು ಕೂತರೆ ಒಂದೊಂದು ಗಾಲಿಯ ಮೇಲೆ ಸರಾಸರಿ 240 ಕಿಲೋ. ಹವಾ 33 ಪಿಎಸ್‌ಐ ಇದ್ದರೆ ಚದರ ಸೆಂಟಿಮೀಟರಿಗೆ 2.3 ಕಿಲೋ ಒತ್ತಡ. ಭಾಗಿಸಿ ನೋಡಿ: ಟೈರು ನೆಲ ಮುಟ್ಟುವ ಜಾಗ ಸುಮಾರು 100 ಚದರ ಸೆಂಟಿಮೀಟರು, ಒಂದು ಅಂಗೈಯಷ್ಟು. ಟೈರಿನ ಗೋಡೆಯೂ ತುಸು ಭಾರ ಹೊರುವುದರಿಂದ ಇದು ಅಂದಾಜು. ಆದರೆ ಈ ಲೆಕ್ಕದಲ್ಲಿ ಅಗಲ ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಬೇಕು. 185 ಇರಲಿ, 215 ಇರಲಿ, ಹವಾ ಅಷ್ಟೇ ಇದ್ದರೆ ನೆಲ ಮುಟ್ಟುವ ಜಾಗ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಬದಲಾಗುವುದು ಅದರ ಆಕಾರ. ಸಣ್ಣ ಟೈರಿನಲ್ಲಿ ಅದು ಉದ್ದುದ್ದ ಚಾಚಿರುತ್ತದೆ, ಅಗಲ ಟೈರಿನಲ್ಲಿ ಅಡ್ಡಡ್ಡ.

ಅಡ್ಡ ಚಾಚಿದ್ದರಲ್ಲಿ ಲಾಭವಿಲ್ಲ ಎಂದು ನಾನು ಹೇಳುವುದಿಲ್ಲ. ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಅದು ಕಚ್ಚುತ್ತದೆ. ಬಿಸಿಯನ್ನು ಹಂಚಿಕೊಳ್ಳಲು ಹೆಚ್ಚು ರಬ್ಬರು ಇರುತ್ತದೆ. 1,600 ಕಿಲೋ ತೂಗುವ, ನೂರಾರು ಅಶ್ವಶಕ್ತಿಯ ಕಾರು ಟೈರನ್ನು ಸುಡುವಷ್ಟು ಕಾಯಿಸುತ್ತದೆ, ಅದಕ್ಕೆ ಅಗಲ ಬೇಕೇ ಬೇಕು. ಹಗುರ ಕಾರಿನ ಸಂಕಟ ಇದಕ್ಕೆ ತಿರುಗುಮುರುಗು: ಟೈರು ಕಾಯುವುದೇ ಇಲ್ಲ. ಟ್ರ್ಯಾಕಿಗೆಂದೇ ಮಾಡಿದ ಮೆತ್ತನೆಯ ರಬ್ಬರು ತನ್ನ ಪೂರ್ತಿ ಹಿಡಿತ ತೋರಿಸುವುದು ಸುಮಾರು 70ರಿಂದ 100 ಡಿಗ್ರಿ ಬಿಸಿಯಲ್ಲಿ. ಅಂಥ ರಬ್ಬರನ್ನು ಅಗಲವಾಗಿ ಹರಡಿ ಮೇಲೆ 240 ಕಿಲೋ ಇಟ್ಟರೆ ಅದು ಉಗುರುಬೆಚ್ಚಗಾಗುವುದರೊಳಗೆ ಟ್ರ್ಯಾಕಿನ ಸರದಿ ಮುಗಿದಿರುತ್ತದೆ. ಕೊಟ್ಟ ದುಡ್ಡಿನ ಗ್ರಿಪ್ಪು ಟೈರಿನಲ್ಲೇ ಉಳಿಯಿತು.

ಎರಡನೆಯದು ಇನ್ನೂ ಮುಖ್ಯ. ಘರ್ಷಣೆ ಭಾರಕ್ಕೆ ಸಮನಾಗಿ ಏರುತ್ತದೆ ಎಂದು ಶಾಲೆಯಲ್ಲಿ ಕಲಿತೆವು. ರಬ್ಬರು ಆ ಪಾಠ ಒಪ್ಪುವುದಿಲ್ಲ. ಟೈರಿನ ಮೇಲೆ ಭಾರ ಇಮ್ಮಡಿಯಾದರೆ ಹಿಡಿತ ಏರುತ್ತದೆ ನಿಜ, ಇಮ್ಮಡಿ ಆಗುವುದಿಲ್ಲ. ಅಂದರೆ ಕಿಲೋ ಲೆಕ್ಕದಲ್ಲಿ ಹಗುರ ಕಾರಿಗೆ ಸಿಗುವ ಹಿಡಿತ ಮೊದಲೇ ಜಾಸ್ತಿ. ಭಾರದ ಕಾರು ಅಗಲದಿಂದ ಕೊಂಡುಕೊಳ್ಳಬೇಕಾದ್ದನ್ನು ಹಗುರ ಕಾರು ಹುಟ್ಟುತ್ತಲೇ ಪಡೆದಿರುತ್ತದೆ. 1996ರಲ್ಲಿ ಲೋಟಸ್ ಕಂಪನಿ ಎಲೀಸ್ ತಂದಾಗ ಕಾರಿನ ತೂಕ 725 ಕಿಲೋ ಸುಮಾರು, ಮುಂದಿನ ಟೈರು 185/55 ಆರ್15. ನಂತರದ ಆವೃತ್ತಿಯಲ್ಲಿ ಮುಂದಿನ ಟೈರನ್ನು 175ಕ್ಕೆ ಇನ್ನೂ ಕಿರಿದು ಮಾಡಿದರು. 1989ರ ಮಜ್ದಾ ಎಂಎಕ್ಸ್-5 ಕೂಡ 185ರ ಮೇಲೆಯೇ ಓಡಿ ಲೋಕದ ಮನಸ್ಸು ಗೆದ್ದಿತು. 2012ರ ಟೊಯೋಟಾ ಜಿಟಿ86ಗೆ ಅದೇ ಕಂಪನಿಯ ಪ್ರಿಯಸ್ ಕಾರಿನ ಬಗೆಯ 215ರ ಸಾದಾ ಟೈರು ಹಾಕಿದರು. ಹಿಡಿತ ಎಲ್ಲಿ ತಪ್ಪುತ್ತಿದೆ ಎಂಬುದು ಓಡಿಸುವವನ ಕೈಗೆ ತಿಳಿಯಲಿ ಎಂಬುದು ಅವರ ಉದ್ದೇಶ. ಇವರಿಗೆ ಅಗಲ ಟೈರು ಸಿಗದೇ ಹೋಗಿತ್ತೇ?

ಇಲ್ಲಿ ನನ್ನ ಮೇಜಿನಿಂದ ಕದಲದ ಪುಸ್ತಕವೊಂದರ ಹತ್ತಿರ ಹೋಗಲೇಬೇಕು. ಕ್ಯಾರಲ್ ಸ್ಮಿತ್ ಬರೆದ ‘ಟ್ಯೂನ್ ಟು ವಿನ್’ 1978ರದು. ಅಂಕಣದ ಹಳಬರಿಗೆ ಇದರ ಪರಿಚಯವಿದೆ, ಹೊಸಬರಿಗಾಗಿ ಅದರ ಒಂದು ವಿಚಾರವನ್ನು ನನ್ನ ಮಾತಿನಲ್ಲಿ ವಿವರಿಸುತ್ತೇನೆ. ಟೈರಿನ ಹತ್ತಿರ ಇರುವ ಹಿಡಿತದ ಗಂಟು ಒಂದೇ. ತಿರುವಿಗೂ ಅದರಿಂದಲೇ ತೆಗೆಯಬೇಕು, ಬ್ರೇಕಿಗೂ ಅದರಿಂದಲೇ, ಎಕ್ಸಿಲರೇಟರಿಗೂ ಅದರಿಂದಲೇ. ಈ ಮಿತಿಯನ್ನು ವೃತ್ತವಾಗಿ ಬರೆಯುತ್ತಾರೆ. ಪೂರ್ತಿ ಹಿಡಿತ 10 ಪಾಲು ಎಂದುಕೊಳ್ಳಿ. ತಿರುವಿನಲ್ಲಿ 8 ಪಾಲು ಬಳಸಿದಾಗ ಬ್ರೇಕಿಗೆ ಉಳಿಯುವುದು ಎರಡೇ ಪಾಲು ಎನಿಸುತ್ತದೆ. ಅಲ್ಲ, 6 ಪಾಲು ಉಳಿಯುತ್ತದೆ. ಕರ್ಣದ ಲೆಕ್ಕ ಇದು: 8ರ ವರ್ಗ, 6ರ ವರ್ಗ ಕೂಡಿದರೆ 10ರ ವರ್ಗ. ಬ್ರೇಕನ್ನು ತಿರುವಿನ ಒಳಗಿನವರೆಗೆ ನಿಧಾನ ಸಡಿಲಿಸುತ್ತ ಹೋಗುವ ಚಾಲಕ ಈ ವೃತ್ತದ ಅಂಚಿನ ಮೇಲೆಯೇ ನಡೆಯುತ್ತಾನೆ. ಮೊದಲು ಬ್ರೇಕು ಮುಗಿಸಿ ಆಮೇಲೆ ಸ್ಟಿಯರಿಂಗ್ ಹಿಡಿಯುವವನು ಆ ಆರು ಪಾಲನ್ನು ಪ್ರತಿ ತಿರುವಿನಲ್ಲೂ ಬಿಟ್ಟುಕೊಡುತ್ತಾನೆ. ಟೈರು ಬದಲಿಸುವ ಮೊದಲು ಇದನ್ನು ಕಲಿಯಬೇಕು. ಅದನ್ನು ಕಲಿಸುವುದು ಮಿತಿ ಬಂತೆಂದು ಮೊದಲೇ ಕೂಗಿ ಹೇಳುವ ಟೈರು. ಕಿರಿದಾದ, ಗೋಡೆ ಎತ್ತರವಿರುವ ಟೈರು ಜಾರುವ ಮೊದಲು ಕಿರುಗುಟ್ಟುತ್ತದೆ, ಸ್ಟಿಯರಿಂಗಿನ ಬಿಗಿ ಸಡಿಲಿಸುತ್ತದೆ. ಗೋಡೆ ಗಿಡ್ಡಾದ 45 ಸರಣಿಯ ಅಗಲ ಟೈರು ಬಹಳ ಹೊತ್ತು ಸುಮ್ಮನಿದ್ದು ಒಮ್ಮೆಲೇ ಕೈಬಿಡುತ್ತದೆ.

ಈಗ ನಮ್ಮ ಸೀಮೆಯ ರಸ್ತೆಗೆ ಬರೋಣ. ರಾಮದುರ್ಗದಿಂದ ಕರಿ ಟ್ರ್ಯಾಕಿಗೆ ಹೋಗಲು ಎಂಟುನೂರು ಕಿಲೋಮೀಟರಿಗೂ ಮೇಲೆ ದಾರಿ. ಮಾರುತಿ 800ರ ಎಂಜಿನ್ನಿನಿಂದ ಫಾರ್ಮುಲಾ ಮಾರುತಿ ಎಂಬ ಒಂಟಿ ಸೀಟಿನ ರೇಸು ಕಾರು ಮಾಡಿದ ಎಸ್. ಕರಿವರ್ಧನ್ ಅವರ ಹೆಸರಿನ ಆ ಟ್ರ್ಯಾಕಿನ ಒಂದು ಸುತ್ತು ಎರಡು ಕಿಲೋಮೀಟರಿಗೆ ತುಸು ಹೆಚ್ಚು. ಇಡೀ ದಿನ ಸುತ್ತಿದರೂ ಟೈರು ಓಡುವುದರಲ್ಲಿ ಟ್ರ್ಯಾಕಿನ ಪಾಲು ಸಣ್ಣದು, ರಸ್ತೆಯ ಪಾಲೇ ದೊಡ್ಡದು. ಆ ರಸ್ತೆಯೋ ಹತ್ತು ಬಗೆ. ಕಿತ್ತೂರು ಮಲೆನಾಡಿನ ಸೆರಗು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಹೆದ್ದಾರಿಯ ಮೇಲೆ ನೀರು ನಿಂತಿರುತ್ತದೆ, ಅಗಲ ಟೈರು ಆ ನೀರನ್ನು ಪಕ್ಕಕ್ಕೆ ತಳ್ಳಲಾರದೆ ಅದರ ಮೇಲೆಯೇ ತೇಲುತ್ತದೆ. ಬೈಲಹೊಂಗಲ ದಾಟಿ ಮೂಡಣಕ್ಕೆ ಬಂದಂತೆ ಮಳೆ ಕಡಿಮೆಯಾಗುತ್ತ, ರಾಮದುರ್ಗ ಮುಟ್ಟುವಷ್ಟರಲ್ಲಿ ಬಯಲುಸೀಮೆಯ ಬಿಸಿಲು. ಎಪ್ರಿಲ್ ಮಧ್ಯಾಹ್ನ ಡಾಂಬರು 60 ಡಿಗ್ರಿ ಕಾಯುತ್ತದೆ. ಎಂ.ಕೆ. ಹುಬ್ಬಳ್ಳಿ, ಮುನವಳ್ಳಿ ಕಡೆ ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಟ್ರ್ಯಾಕ್ಟರ್ ಗಾಲಿಗಳು ಎರಿಮಣ್ಣನ್ನು ಹೊಲದಿಂದ ರಸ್ತೆಗೆ ತಂದು ಬಳಿಯುತ್ತವೆ, ಅದರ ಮೇಲೆ ಕಬ್ಬಿನ ರವದಿ ಬೀಳುತ್ತದೆ. ಇಬ್ಬನಿ ಬಿದ್ದ ಬೆಳಿಗ್ಗೆ ಆ ಎರಿಮಣ್ಣಿನ ಮೇಲೆ ಗೀರು ಕಡಿಮೆ ಇರುವ ಟ್ರ್ಯಾಕ್ ಟೈರು ಕೈಗೆ ಸಿಗುವುದಿಲ್ಲ. ಈ ಎಲ್ಲದರ ಮೇಲೆ ಓಡಿ, ಟ್ರ್ಯಾಕು ಮುಗಿಸಿ, ಅದೇ ನಾಲ್ಕು ಟೈರಿನ ಮೇಲೆ ಮನೆಗೆ ಬರಬೇಕು.

ಗಾಲಿ ಆರಿಸುವ ಈ ವಿದ್ಯೆ ನಮ್ಮ ಭಾಗಕ್ಕೆ ಕಾರಿನ ಜೊತೆ ಬಂದದ್ದಲ್ಲ. ಸವದತ್ತಿ ತಾಲ್ಲೂಕಿನ ಶಿರಸಂಗಿ ಕಾಳಿಕಾದೇವಿ ವಿಶ್ವಕರ್ಮರ ದೇವಿ. ಅವಳಿಗೆ ನಡೆದುಕೊಳ್ಳುವ ಬಡಿಗೇರ, ಕಮ್ಮಾರ ಮನೆತನಗಳು ತಲೆತಲಾಂತರ ಚಕ್ಕಡಿ ಗಾಲಿ ಮಾಡಿಕೊಟ್ಟಿವೆ. ಗುಂಬಕ್ಕೆ ಅರಗಳನ್ನು ಕೂರಿಸಿ, ಸುತ್ತುಮರ ಜೋಡಿಸಿದ ಮೇಲೆ ಕಬ್ಬಿಣದ ಹಳಿ ಏರಿಸಬೇಕು. ಹಳಿಯನ್ನು ಗಾಲಿಗಿಂತ ಬೇಕೆಂದೇ ತುಸು ಚಿಕ್ಕದು ಮಾಡುತ್ತಾರೆ. ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಾರೆ. ನಾಲ್ಕೂವರೆ ಮೀಟರು ಸುತ್ತಳತೆಯ ಹಳಿ 500 ಡಿಗ್ರಿ ಬಿಸಿಯೇರಿದರೆ 27 ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಹಿಗ್ಗಿದ್ದನ್ನು ಗಾಲಿಯ ಮೇಲೆ ಕೂರಿಸಿ ನೀರು ಹೊಯ್ದರೆ ಕುಗ್ಗಿ ಪ್ರತಿಯೊಂದು ಸಂದನ್ನೂ ಬಿಗಿಯುತ್ತದೆ. ಒಂದು ಬೆರಳು ಹೆಚ್ಚು ಚಿಕ್ಕದು ಮಾಡಿದರೆ ಅರಗಳು ಬಾಗುತ್ತವೆ, ಕಡಿಮೆ ಮಾಡಿದರೆ ಬೇಸಿಗೆಯಲ್ಲಿ ಮರ ಒಣಗಿ ಹಳಿ ಕಳಚುತ್ತದೆ. ಹೇರಿನ ಬಂಡಿಗೆ ದಪ್ಪ ಗಾಲಿ, ಸವಾರಿ ಬಂಡಿಗೆ ತೆಳು ಗಾಲಿ. ಭಾರ ಎಷ್ಟು ಎಂದು ಕೇಳದೆ ಆ ಬಡಿಗ ಬಾಚಿ ಮುಟ್ಟುತ್ತಿರಲಿಲ್ಲ.

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಸಾಲುಗಟ್ಟಿ ಬರುವ ಚಕ್ಕಡಿಗಳ ಗಾಲಿ ನೋಡಿ. ಊರ ಜಾತ್ರೆಯ ಎರಡು ಪಂದ್ಯಗಳನ್ನೂ ನೋಡಿ. ಖಾಲಿ ಗಾಡಾ ಓಟದಲ್ಲಿ ಬರಿಯ ಹಗುರ ಗಾಡಿ, ಒಂದು ನಿಮಿಷದಲ್ಲಿ ಎಷ್ಟು ಅಡಿ ಓಡಿತು ಎಂದು ಅಳೆಯುತ್ತಾರೆ. ತೆರಬಂಡಿಯಲ್ಲಿ ಗಾಲಿ ತಿರುಗದಂತೆ ಕಟ್ಟಿ, ಭಾರ ಹೇರಿ ಎಳೆಸುತ್ತಾರೆ. ಮೊದಲನೆಯದರಲ್ಲಿ ಗಾಲಿ ಸರಾಗ ಉರುಳಬೇಕು, ಎರಡನೆಯದರಲ್ಲಿ ನೆಲದ ಘರ್ಷಣೆಯೇ ಪಂದ್ಯ. ರಸ್ತೆ ಮತ್ತು ಟ್ರ್ಯಾಕು ಎರಡಕ್ಕೂ ಓಡುವ ಕಾರಿನ ಟೈರು ಈ ಎರಡೂ ಗುಣಗಳನ್ನು ಒಟ್ಟಿಗೆ ಕೊಡಬೇಕು.

ಹಳಿಗೂ ರಬ್ಬರಿಗೂ ನಡುವಿನ ವಾದವನ್ನು ಕರ್ನಾಟಕದಲ್ಲಿ ಗಂಭೀರವಾಗಿ ನಡೆಸಿದವರು ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿ. ಆಡಳಿತ ಶಾಸ್ತ್ರ ಕಲಿಸುವ ಸಂಸ್ಥೆ ಕಟ್ಟಿದ ಮನುಷ್ಯ ಎತ್ತಿನ ಗಾಡಿಯ ಸುಧಾರಣೆಗೆ ವರ್ಷಗಟ್ಟಲೆ ದುಡಿದರು. ಎತ್ತಿನ ಹೆಗಲು ನೋಯಬಾರದು, ಗಾಡಿ ಹಗುರವಾಗಬೇಕು, ಗಾಲಿ ಸುಲಭ ಉರುಳಬೇಕು ಎಂಬುದು ಅವರ ಹಟ. ಎಳೆಯುವ ಜೀವದ ಕಡೆಯಿಂದ ಗಾಲಿಯನ್ನು ನೋಡಿದ್ದು ಅವರ ದೊಡ್ಡತನ, ನನಗೆ ಅವರ ಮೇಲೆ ಅಪಾರ ಗೌರವ. ಕಾರಿನಲ್ಲಿ ಎಳೆಯುವುದು ಎಂಜಿನ್ನು. 215ರ ಟೈರು, 17ರ ರಿಮ್ಮು ಹಾಕಿದರೆ ಪ್ರತಿ ಗಾಲಿಗೂ ಭಾರ ಏರುತ್ತದೆ, ಸ್ಪ್ರಿಂಗಿನ ಕೆಳಗಿನ ಆ ಭಾರವನ್ನು ಎಬ್ಬಿಸಲು, ನಿಲ್ಲಿಸಲು, ತಗ್ಗಿನಲ್ಲಿ ತಡೆಯಲು ಸಣ್ಣ ಎಂಜಿನ್ನು, ಸಣ್ಣ ಬ್ರೇಕು, ಸಣ್ಣ ಡ್ಯಾಂಪರು ಒದ್ದಾಡುತ್ತವೆ.

ನೈಟ್ರೋಜನ್ ಮಾರುವವರ ಬಗ್ಗೆಯೂ ಒಂದು ಮಾತು. ನಾವು ಉಸಿರಾಡುವ ಹವೆಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಬಿಸಿಯಾದರೆ ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. 30 ಡಿಗ್ರಿಯಲ್ಲಿ 33 ಪಿಎಸ್‌ಐ ತುಂಬಿದ ಟೈರು 70 ಡಿಗ್ರಿ ಮುಟ್ಟಿದರೆ 39ಕ್ಕೆ ಏರುತ್ತದೆ, ಒಳಗೆ ಯಾವುದು ತುಂಬಿರಲಿ. ಒಳಗೆ ನೀರಿನ ಪಸೆ ಇರಬಾರದು ಅಷ್ಟೇ. ಒಣ ಹವಾ ಸಾಕು, ಉಳಿದ ದುಡ್ಡಿಗೆ ಒಳ್ಳೆಯ ಹವಾಮಾಪಕ ಕೊಳ್ಳಿ.

ಇನ್ನು ಖರೀದಿ. ಕಂಪನಿ ಕೊಟ್ಟ 185/65 ಆರ್15 ಇರಲಿ, ಹೆಚ್ಚೆಂದರೆ 195/60 ಆರ್15. ಮೊದಲನೆಯದರ ವ್ಯಾಸ 621 ಮಿಲಿಮೀಟರು, ಎರಡನೆಯದು 615. 195/55ಕ್ಕೆ ಹೋದರೆ 596ಕ್ಕೆ ಇಳಿದು ಕಾರು 13 ಮಿಲಿಮೀಟರು ಕುಳಿತುಬಿಡುತ್ತದೆ, ಮೀಟರು ವೇಗವನ್ನು ನೂರಕ್ಕೆ ನಾಲ್ಕರಷ್ಟು ಹೆಚ್ಚು ತೋರಿಸುತ್ತದೆ, ಊರಿನ ಹಂಪ್ಸುಗಳು ಕಾರಿನ ಹೊಟ್ಟೆ ಸವರುತ್ತವೆ. ಮೈಮೇಲೆ 88ಎಚ್ ಎಂದಿದ್ದರೆ ಒಂದು ಟೈರು 560 ಕಿಲೋ ಹೊರುತ್ತದೆ, ಗಂಟೆಗೆ 210 ಕಿಲೋಮೀಟರು ತಾಳುತ್ತದೆ, ಇಷ್ಟು ಧಾರಾಳ. ಸವೆತ ಸೂಚಿಸುವ ಟ್ರೆಡ್‌ವೇರ್ ಅಂಕಿ 200ರಿಂದ 300ರ ನಡುವೆ ಇರುವುದನ್ನು ಹುಡುಕಿ. ಅಮೆರಿಕದ ಟೆಕ್ಸಾಸಿನ ಸ್ಯಾನ್ ಆಂಜೆಲೋ ರಸ್ತೆಯಲ್ಲಿ ಮಾದರಿ ಟೈರಿನ ಜೊತೆ 11,500 ಕಿಲೋಮೀಟರು ಓಡಿಸಿ ಹೋಲಿಸುವ ಪದ್ಧತಿಯ ಅಂಕಿ ಅದು. ಕೊನೆಗೆ ಅಂಕಿ ಬರೆಯುವವರು ತಯಾರಕರೇ, ಆದ್ದರಿಂದ ಒಂದು ಕಂಪನಿಯ 200ನ್ನು ಇನ್ನೊಂದರ 200ಕ್ಕೆ ಹೋಲಿಸಬೇಡಿ. ಕೊನೆಯ ನಾಲ್ಕು ಅಂಕಿ 2324 ಎಂದಿದ್ದರೆ 2024ರ 23ನೆಯ ವಾರದ ಟೈರು. ವರ್ಷ ದಾಟಿ ಗೋದಾಮಿನಲ್ಲಿ ಬಿದ್ದದ್ದು ಬೇಡ. ನಾಲ್ಕೂ ಒಂದೇ ಬಗೆಯವು ಇರಲಿ.

ಟ್ರ್ಯಾಕಿನಲ್ಲಿ ಟೈರಿನ ಹೆಗಲಿನ ಅಂಚಿಗೆ ಸುಣ್ಣದಕಡ್ಡಿಯಿಂದ ಗೆರೆ ಎಳೆಯಿರಿ. ಕೆಲ ಸುತ್ತಾದ ಮೇಲೆ ಗೆರೆ ಗೋಡೆಯವರೆಗೂ ಅಳಿಸಿದ್ದರೆ ಹವಾ ಕಡಿಮೆಯಾಗಿದೆ, ಹೆಗಲಿನ ಮೇಲೆಯೇ ಉಳಿದಿದ್ದರೆ ಹೆಚ್ಚಾಗಿದೆ. ಬಿಸಿಯಲ್ಲಿ 34ಕ್ಕೆ ಇಳಿಸಿಕೊಂಡಿರಿ ಎನ್ನಿ, ಆ ಟೈರು ತಣ್ಣಗಾದಾಗ 28ಕ್ಕೆ ಇಳಿದಿರುತ್ತದೆ. ಆ ಹವಾದಲ್ಲಿ ರಾತ್ರಿ ಹೆದ್ದಾರಿ ಹಿಡಿಯುವುದು ಟೈರಿಗೂ ಜೀವಕ್ಕೂ ಅಪಾಯ. ಟ್ರ್ಯಾಕಿನ ಗೇಟು ದಾಟುವ ಮೊದಲೇ ಮತ್ತೆ ತುಂಬಿಸಿ. ಕಾನೂನು 1.6 ಮಿಲಿಮೀಟರು ಗೀರು ಸಾಕೆನ್ನುತ್ತದೆ. ಕಿತ್ತೂರಿನ ಮಳೆಗೆ ಅದು ಸಾಲದು, ಜೂನ್ ಬರುವಾಗ 3 ಮಿಲಿಮೀಟರಾದರೂ ಇರಬೇಕು.

ರಿಮ್ಮಿಗೆ ಕೊಡಬೇಕೆಂದಿದ್ದ ಹಣ ಕೈಯಲ್ಲಿ ಉಳಿಯಿತಲ್ಲ, ಅದರಲ್ಲಿ ಅರ್ಧ ಟ್ರ್ಯಾಕಿನ ಇನ್ನೊಂದು ದಿನಕ್ಕೆ, ಅರ್ಧ ಹೊಸ ಬ್ರೇಕ್ ಎಣ್ಣೆಗೆ. ಅದು ಕುದಿಯುವ ಬಿಸಿ ಎಷ್ಟು, ಪಸೆ ಹೀರಿಕೊಂಡರೆ ಏನಾಗುತ್ತದೆ ಎಂಬುದು ಮುಂದಿನ ವಾರ.