ಕಲೆ ಎಂದರೆ ನಿಂತ ಚಿತ್ರ ಅಲ್ಲ

2020ರ ಜನವರಿಯಲ್ಲಿ ಜೆ.ಪಿ. ನಗರದ ಮಲ್ಟಿಪ್ಲೆಕ್ಸ್‌ನಲ್ಲಿ ‘ಛಪಾಕ್’ ನೋಡಿ ಹೊರಗೆ ಬಂದಾಗ ನಾವು ಮಾತಾಡಿದ್ದು ದೀಪಿಕಾ ಪಡುಕೋಣೆ ಮೇಕಪ್ ಬಗ್ಗೆ. ಎಷ್ಟು ನೈಜವಾಗಿತ್ತಲ್ವಾ ಅಂತ. ಮೊನ್ನೆ ಮನೇಲಿ ಅದನ್ನೇ ಮತ್ತೆ ನೋಡಿದೆ. ಈ ನಡುವೆ ಅಡುಗೆಮನೆಯಲ್ಲಿ ಕಾದ ಎಣ್ಣೆ ಬಿದ್ದು ನನ್ನ ಮಣಿಕಟ್ಟು ಸುಟ್ಟಿತ್ತು. ಈ ಸಲ ಕಣ್ಣಿಗೆ ಬಿದ್ದದ್ದು ಬೇರೆ.

ಸಿನಿಮಾ ಒಳ್ಳೇದೇ. ಮೇಘನಾ ಗುಲ್ಜಾರ್ ದಾಳಿಯ ದೃಶ್ಯವನ್ನು ಕೊನೆಗಿಟ್ಟು, ಆಸಿಡ್ ಮಾರಾಟದ ವಿರುದ್ಧದ ಕಾನೂನು ಹೋರಾಟವನ್ನು ಮುಂದಿಟ್ಟರು. ಮೂಗು, ಕಿವಿ ಇಲ್ಲದೆ ಓಲೆ ಎಲ್ಲಿ ಹಾಕೋದು ಎಂದು ಮಾಲತಿ ಅಳುವಾಗ ಗಂಟಲು ಕಟ್ಟುತ್ತದೆ. ಆದರೆ ಅವಳ ಮುಖ ಒಂದೊಂದು ಶಸ್ತ್ರಚಿಕಿತ್ಸೆ ಆದಮೇಲೆ ಒಂದೊಂದು ಫೋಟೋ ಥರ ಬರುತ್ತದೆ. ಎರಡು ಫೋಟೋಗಳ ನಡುವಿನ ತಿಂಗಳುಗಳು ಎಲ್ಲಿ ಹೋದವು?

ನನ್ನ ಗಾಯ ಒಣಗಿ ಎರಡು ತಿಂಗಳಾದ ಮೇಲೇ ನಿಜವಾದ ಕಾಟ ಶುರುವಾಗಿದ್ದು. ಚರ್ಮ ಕೆಂಪಾಗಿ ದಪ್ಪಗಾಯಿತು, ತುರಿಸಿತು, ಎಳೆಯಿತು. ಇದು ಫೈಬ್ರೊಬ್ಲಾಸ್ಟ್ ಎಂಬ ಜೀವಕೋಶಗಳ ಕೆಲಸ. ಗಾಯವಾದ ಕೆಲವೇ ದಿನಗಳಲ್ಲಿ ಅಲ್ಲಿಗೆ ಬಂದು ಕೊಲಾಜನ್ ನೇಯುತ್ತವೆ. ಬನಶಂಕರಿಯಲ್ಲಿ ರಸ್ತೆ ಅಗೆದು ಮುಚ್ಚಿದ ಹಾಗೆ: ಓಡಾಟಕ್ಕೆ ಸಾಕು, ಆದರೆ ಹಳೇ ರಸ್ತೆ ಅಲ್ಲ. ಆ ಚರ್ಮ ಮೊದಲಿನ ಶೇ. 80ರಷ್ಟು ಗಟ್ಟಿಯಾದರೆ ಹೆಚ್ಚು. ಇವುಗಳಲ್ಲಿ ಕೆಲವು ಸ್ನಾಯುವಿನಂತೆ ಸಂಕುಚಿಸುವ ಶಕ್ತಿ ಪಡೆದು ಗಾಯದ ಅಂಚುಗಳನ್ನು ಹತ್ತಿರ ಎಳೆಯುತ್ತವೆ. 1971ರಲ್ಲಿ ಗಬ್ಬಿಯಾನಿ ಮತ್ತು ಸಂಗಡಿಗರು ಇವನ್ನು ಗುರುತಿಸಿದರು. ಈಗ ಮಯೋಫೈಬ್ರೊಬ್ಲಾಸ್ಟ್ ಅನ್ನುತ್ತಾರೆ. ಕೆಲಸ ಮುಗಿದ ಮೇಲೆ ಅವು ಸಾಯಬೇಕು. ಆಳವಾದ ಸುಟ್ಟಗಾಯದಲ್ಲಿ ಎಷ್ಟೋ ಸಲ ಸಾಯುವುದಿಲ್ಲ, ಎಳೆಯುತ್ತಲೇ ಇರುತ್ತವೆ. ಕತ್ತು ಎದೆಗೆ ಅಂಟಿಕೊಳ್ಳಬಹುದು, ಕಣ್ಣಿನ ರೆಪ್ಪೆ ಮುಚ್ಚದೇ ಹೋಗಬಹುದು. ಕಲೆ ಸಮಾಧಾನವಾಗಲು ಒಂದು-ಎರಡು ವರ್ಷ ಬೇಕು. ಅಲ್ಲೀತನಕ ದಿನಕ್ಕೆ 23 ಗಂಟೆ ಬಿಗಿಯಾದ ಪ್ರೆಶರ್ ಗಾರ್ಮೆಂಟ್, ಮಸಾಜ್, ನೋವಿನ ವ್ಯಾಯಾಮ.

ನನ್ನದು ಅಂಗೈಯಗಲದ ಗಾಯ. ಮುಖ, ಕತ್ತು ಸುಟ್ಟವರ ಲೆಕ್ಕವೇ ಬೇರೆ. ನಮ್ಮದೇ ಬೆಂಗಳೂರಿನಲ್ಲಿ ಹಸೀನಾ ಹುಸೇನ್ ಮೇಲೆ ಆಸಿಡ್ ದಾಳಿ ಆಗಿದ್ದು 1999ರಲ್ಲಿ. ಅಪರಾಧಿಗೆ ಹೈಕೋರ್ಟ್ ಜೀವಾವಧಿ ಶಿಕ್ಷೆ ಕೊಟ್ಟಿದ್ದು 2006ರಲ್ಲಿ. ಕೋರ್ಟಿನ ಅಷ್ಟೂ ವರ್ಷಗಳನ್ನು ಸಿನಿಮಾ ತೋರಿಸಬಲ್ಲದು. ಚರ್ಮದ ವರ್ಷಗಳಿಗೆ ಮಾತ್ರ ಕಟ್!

ಇದು ಬರೀ ವಿಜ್ಞಾನದ ತಕರಾರಲ್ಲ. ಕಲೆಯನ್ನು ಮುಖದ ಮೇಲಿನ ಗುರುತು ಅಂತ ಮಾತ್ರ ತೋರಿಸಿದರೆ ನಮಗೆ ಉಳಿಯೋದು ‘ನೋಡುವ ಧೈರ್ಯ’ದ ಪ್ರಶ್ನೆ ಒಂದೇ. ಅದು ಮುಗಿಯದ ಕೆಲಸ ಅಂತ ಗೊತ್ತಾದರೆ ರಜೆ, ಫಿಸಿಯೋಥೆರಪಿ, ದುಡ್ಡು ಎಲ್ಲದರ ಪ್ರಶ್ನೆ ಏಳುತ್ತದೆ. “ಆಪರೇಷನ್ ಆಯ್ತಲ್ಲ, ಇನ್ಯಾಕೆ ರಜೆ?” ಅಂತ ಆಫೀಸಿನಲ್ಲಿ ಕೇಳುವವರು ನಾವೇ.

ಕನ್ನಡದಲ್ಲಿ ಆರ್ಟ್‌ಗೂ ಗಾಯದ ಗುರುತಿಗೂ ಒಂದೇ ಪದ, ಕಲೆ. ಮೊದಲನೆಯದಕ್ಕೆ ಎರಡನೆಯದು ಇನ್ನೂ ಸರಿಯಾಗಿ ಅರ್ಥವಾಗಿಲ್ಲ.