‘ಕೆಟ್ಟು ಪಟ್ಟಣ ಸೇರು’: ಕನ್ನಡ ಕಥನಸಾಹಿತ್ಯದಲ್ಲಿ ಊರು ಬಿಡುವಿಕೆಯ ವಿಚಾರ

೧

‘ಕೆಟ್ಟು ಪಟ್ಟಣ ಸೇರು’ ಎಂಬುದು ಕನ್ನಡನಾಡಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಗಾದೆ. ಮೂರೇ ಪದಗಳ ಈ ಮಾತಿನಲ್ಲಿ ಎರಡು ಕ್ರಿಯೆಗಳು ಅಡಗಿವೆ. ‘ಕೆಟ್ಟು’ ಎಂಬುದು ಮನುಷ್ಯನ ಇಷ್ಟಾನಿಷ್ಟಗಳನ್ನು ವಿಚಾರಿಸದೆ ಒದಗುವ ಅವಸ್ಥೆ. ಮಳೆ ಹೋಗಿಯೋ, ಸಾಲ ಬೆಳೆದೋ, ದಾಯಾದಿಗಳ ವ್ಯಾಜ್ಯದಿಂದಲೋ ಬದುಕು ಕೆಟ್ಟಿರುತ್ತದೆ. ‘ಸೇರು’ ಎಂಬುದಾದರೋ ವಿಧ್ಯರ್ಥದ ಕ್ರಿಯಾಪದ. ಅದು ಸಂಕಲ್ಪಶಕ್ತಿಯುಳ್ಳ ಒಬ್ಬನನ್ನು ಉದ್ದೇಶಿಸಿ ಆಡಿದ ಮಾತು. ಜನರು ಪಟ್ಟಣಕ್ಕೆ ಹೋಗುವುದು ಸ್ವೇಚ್ಛೆಯಿಂದಲೋ, ಅಥವಾ ಕೆಲಸದ ನಿರ್ಬಂಧದಿಂದಲೋ ಎಂದು ಕೇಳುವವರು ಇವೆರಡನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗುತ್ತಾರೆ. ಗಾದೆಯನ್ನು ಕಟ್ಟಿದ ಜನರು ಹಾಗೆ ಮಾಡಲಿಲ್ಲ. ನಿರ್ಬಂಧದಲ್ಲಿಯೇ ಸಂಕಲ್ಪವು ಹುಟ್ಟುವುದೆಂಬ ಅನುಭವವನ್ನು ಅವರು ಒಂದೇ ವಾಕ್ಯದಲ್ಲಿ ಹೇಳಿಬಿಟ್ಟರು.

ಭಾಷೆಯಲ್ಲಿ ಇನ್ನೊಂದು ಸೂಕ್ಷ್ಮವೂ ಉಂಟು. ಬಯಲುಸೀಮೆಯ, ಅದರಲ್ಲಿಯೂ ಕರ್ನಾಟಕದ ಉತ್ತರಭಾಗದ ಜಿಲ್ಲೆಗಳ ಜನರು ‘ಗುಳೆ ಹೋಗುವುದು’ ಎಂಬ ಮಾತನ್ನು ಬೇರೆಯಾಗಿಯೇ ಇಟ್ಟುಕೊಂಡಿದ್ದಾರೆ. ಬರಗಾಲದಲ್ಲಿ ಮನೆಗೆ ಬೀಗವಿಕ್ಕಿ, ಮಕ್ಕಳುಮರಿಗಳೊಡನೆ ಗಂಟುಮೂಟೆ ಕಟ್ಟಿಕೊಂಡು ಕೂಲಿಯನ್ನರಸಿ ಹೋಗುವುದಕ್ಕೆ ಮಾತ್ರ ಆ ಮಾತು ಸಲ್ಲುತ್ತದೆ. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಉದ್ಯೋಗಕ್ಕಾಗಿ ಬೆಂಗಳೂರಿಗೆ ಹೋದವನನ್ನು ಯಾರೂ ‘ಗುಳೆ ಹೋದ’ನೆನ್ನುವುದಿಲ್ಲ. ಇಬ್ಬರೂ ಕೆಲಸಕ್ಕಾಗಿಯೇ ಹೋದವರು. ಆದರೂ ಜನರ ನಾಲಗೆಯು ಇಬ್ಬರನ್ನು ಒಂದೇ ಹೆಸರಿನಿಂದ ಕರೆಯಲೊಲ್ಲದು.

ಸರಕಾರದ ಜನಗಣತಿಯ ಕ್ರಮವು ಇದಕ್ಕಿಂತ ಸರಳವಾದುದು. ಭಾರತದ ಗಣತಿಯಲ್ಲಿ ಊರು ಬಿಟ್ಟುದರ ಕಾರಣವನ್ನು ಮೊದಲು ವಿಚಾರಿಸಿದುದು ೧೯೮೧ರಲ್ಲಿ. ೨೦೧೧ರ ಗಣತಿಯಲ್ಲಿ ಕೆಲಸ, ವ್ಯಾಪಾರ, ವಿದ್ಯಾಭ್ಯಾಸ, ವಿವಾಹ, ಮನೆಯವರೊಡನೆ ಬಂದುದು ಮುಂತಾದ ಕಾರಣಗಳಲ್ಲಿ ಒಂದನ್ನು ಗುರುತುಮಾಡಿಕೊಳ್ಳಲಾಯಿತು. ಆ ವರ್ಷದ ಲೆಕ್ಕದಂತೆ ಸ್ಥಳ ಬಿಟ್ಟು ಸ್ಥಳಕ್ಕೆ ಬಂದವರ ಸಂಖ್ಯೆ ದೇಶದಲ್ಲಿ ಸುಮಾರು ೪೫ ಕೋಟಿ. ಪುರುಷರ ವಿಷಯದಲ್ಲಿ ‘ಕೆಲಸ’ವೂ, ಸ್ತ್ರೀಯರ ವಿಷಯದಲ್ಲಿ ‘ವಿವಾಹ’ವೂ ಮುಖ್ಯ ಕಾರಣಗಳಾಗಿ ಕಾಣುತ್ತವೆ. ಈ ಲೆಕ್ಕವು ಆಡಳಿತಕ್ಕೆ ಉಪಯುಕ್ತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗಣತಿಯು ಹೊರಟ ದಿನದ ಕಾರಣವನ್ನು ಕೇಳುತ್ತದೆಯೇ ಹೊರತು, ಹೊರಟವನಿಗೆ ಮರಳುವ ದಾರಿ ಉಂಟೇ ಇಲ್ಲವೇ ಎಂಬುದನ್ನು ಕೇಳುವುದಿಲ್ಲ. ಆ ಪ್ರಶ್ನೆಯನ್ನು ಕೇಳಿದುದು ಕಥನಸಾಹಿತ್ಯ. ಕನ್ನಡದ ನಾಲ್ಕು ಗ್ರಂಥಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಿದರೆ ವಿಷಯವು ಸ್ಪಷ್ಟವಾಗುವುದು.

೨

ಪಟ್ಟಣಕ್ಕೆ ಹೋದವರ ಕಥೆಯೆಂದೊಡನೆ ಕನ್ನಡ ವಾಚಕರಿಗೆ ಮೊದಲು ನೆನಪಾಗುವುದು ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ (೧೯೪೧). ಕಡಲಂಚಿನ ಕೋಡಿ ಗ್ರಾಮದಲ್ಲಿ ಮೂರು ತಲೆಮಾರುಗಳ ಬಾಳನ್ನು ಚಿತ್ರಿಸುವ ಈ ಕಾದಂಬರಿಯಲ್ಲಿ ಊರು ಬಿಡುವವರು ಒಂದೇ ಬಗೆಯವರಲ್ಲ. ಶೀನಮಯ್ಯನ ಮನೆಯವರು ಬೆಂಗಳೂರಿಗೆ ಹೋಗಿ ಹೋಟೆಲು ಇಡುತ್ತಾರೆ. ಅವರು ಕೆಟ್ಟು ಹೋದವರಲ್ಲ, ಹಣ ಕೂಡಿಸಲೆಂದು ಹೋದವರು. ಆ ಹಣವು ಊರಿಗೆ ಮರಳಿ, ರಾಮ ಐತಾಳನ ಮನೆಯೊಡನೆ ಸ್ಪರ್ಧೆಗೆ ನಿಲ್ಲುತ್ತದೆ. ಐತಾಳನ ಮಗನಾದ ಲಚ್ಚನು ಇಂಗ್ಲಿಷ್ ವಿದ್ಯೆಗಾಗಿ ಪೇಟೆಯನ್ನು ಸೇರಿ, ವಿದ್ಯೆಯೊಡನೆ ದುರ್ವ್ಯಸನಗಳನ್ನೂ ಸಂಪಾದಿಸಿ, ತಂದೆಯ ಗಳಿಕೆಯನ್ನು ಕರಗಿಸುತ್ತಾನೆ. ಗಾದೆಯು ಇಲ್ಲಿ ತಲೆಕೆಳಗಾಗುತ್ತದೆ: ಲಚ್ಚನು ಕೆಟ್ಟು ಪಟ್ಟಣ ಸೇರಿದವನಲ್ಲ, ಪಟ್ಟಣ ಸೇರಿ ಕೆಟ್ಟವನು. ಮೂರನೆಯ ತಲೆಮಾರಿನ ರಾಮನು ಮದರಾಸಿನಲ್ಲಿ ಓದಿ, ಸ್ವಾತಂತ್ರ್ಯದ ಹೋರಾಟದಲ್ಲಿ ಸೇರಿ, ಪದವಿಯನ್ನು ಕೈಯಲ್ಲಿ ಹಿಡಿದು ಮಹಾನಗರಗಳಲ್ಲಿ ಉದ್ಯೋಗವನ್ನರಸಿ, ಕೊನೆಗೆ ಅಜ್ಜನ ಮಣ್ಣಿಗೆ ಮರಳುತ್ತಾನೆ.

ಗ್ರಂಥದ ಹೆಸರೇ ಈ ಮರಳುವಿಕೆಯನ್ನು ಎತ್ತಿ ಹೇಳುವುದರಿಂದ, ಅನೇಕ ವಾಚಕರು ಇದರಲ್ಲಿ ಒಂದು ನೀತಿಯನ್ನು ಕಂಡುಕೊಂಡಿದ್ದಾರೆ: ಪಟ್ಟಣವು ಮೋಹ, ಊರು ಸತ್ಯ, ಹೋದವನು ತಿಳಿವು ಬಂದ ಮೇಲೆ ಹಿಂದಿರುಗತಕ್ಕದ್ದು. ಈ ನೀತಿಯು ಕಾದಂಬರಿಗಿಂತ ಬಹಳ ಸಣ್ಣದು. ರಾಮನು ಮರಳಬಲ್ಲನೆಂಬುದೇ ವಿಶೇಷವಾಗಿ ಗಮನಿಸತಕ್ಕ ಅಂಶ. ಆಸ್ತಿಯು ಕರಗಿದ್ದರೂ ಕೋಡಿಯಲ್ಲಿ ಅವನಿಗೆ ಮನೆತನದ ಹೆಸರಿದೆ, ‘ಐತಾಳರ ಮೊಮ್ಮಗ’ನೆಂದು ಅವನನ್ನು ಗುರುತಿಸುವ ಊರೊಂದಿದೆ, ಕಷ್ಟಗಳನ್ನೆಲ್ಲ ನುಂಗಿಕೊಂಡು ಅವನನ್ನು ಬೆಳೆಸಿದ ತಾಯಿ ನಾಗವೇಣಿಯಿದ್ದಾಳೆ. ಅವನು ಪಟ್ಟಣಕ್ಕೆ ಹೋದುದು ಕೆಲಸಕ್ಕಾಗಿ; ಊರಿಗೆ ಬಂದುದು ಆಯ್ಕೆಯಿಂದ. ಬಂದುದು ಆಯ್ಕೆಯಾದುದರಿಂದಲೇ ಹೋದುದೂ ಹಿಂದಿರುಗಿ ನೋಡುವಾಗ ಆಯ್ಕೆಯಂತೆ ತೋರುತ್ತದೆ.

ಇದರೊಡನೆ ಇನ್ನೊಂದು ಮಾತನ್ನು ಸೇರಿಸಬೇಕು. ಗಂಡಸರ ಈ ಹೋಗುಬರುವುಗಳೆಲ್ಲವೂ ಮನೆಯ ಹೆಂಗಸರ ದುಡಿಮೆಯನ್ನು ಆಧರಿಸಿ ನಿಂತಿವೆ. ಪಾರ್ವತಿ, ಸರಸ್ವತಿ, ಸತ್ಯಭಾಮೆ, ನಾಗವೇಣಿ ಇವರು ಮಳೆಗಾಲದ ಸಮುದ್ರವನ್ನೂ ಬಡತನವನ್ನೂ ಎದುರಿಸಿ ಮನೆಯನ್ನು ಹಿಡಿದಿಟ್ಟುದರಿಂದಲೇ ಮರಳತಕ್ಕವನಿಗೆ ಮರಳಲೊಂದು ಸ್ಥಳ ಉಳಿದಿತು. ಊರು ಬಿಡಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಆ ಹೆಂಗಸರನ್ನು ಯಾರೂ ಕೇಳಲಿಲ್ಲ. ಅವರಲ್ಲಿ ಮದುವೆಯಾಗಿ ಈ ಮನೆಗೆ ಬಂದವರು ಆಗಲೇ ತಮ್ಮ ತವರೂರನ್ನು ಒಮ್ಮೆ ಬಿಟ್ಟವರು. ಗಣತಿಯ ಪಟ್ಟಿಯಲ್ಲಿ ‘ವಿವಾಹ’ ಎಂಬ ಒಂದು ಪದದಲ್ಲಿ ಮುಗಿದುಹೋಗುವ ವಿಷಯಕ್ಕೆ ಕಾರಂತರು ಕಾದಂಬರಿಯ ಅರ್ಧಭಾಗವನ್ನು ಕೊಟ್ಟಿರುವುದು ಅವರ ನ್ಯಾಯದೃಷ್ಟಿಗೆ ಸಾಕ್ಷಿ.

೩

ಮಣ್ಣಿಗೆ ಮರಳುವುದೇ ಧರ್ಮವೆಂಬ ಅಭಿಪ್ರಾಯವನ್ನು ಕಾರಂತರ ಮೇಲೆ ಹೊರಿಸುವವರು ಅವರದೇ ‘ಚೋಮನ ದುಡಿ’ಯನ್ನು (೧೯೩೩) ಮರೆತಿರುತ್ತಾರೆ. ‘ಮರಳಿ ಮಣ್ಣಿಗೆ’ಗಿಂತ ಎಂಟು ವರ್ಷ ಮೊದಲೇ ಬಂದ ಈ ಸಣ್ಣ ಕಾದಂಬರಿಯು ಅದರ ವಾದಕ್ಕೆ ಮುಂಗಡವಾಗಿ ಕೊಟ್ಟ ಪ್ರತ್ಯುತ್ತರದಂತಿದೆ. ಚೋಮನು ಹೊಲೆಯ. ಅವನಿಗೆ ಬೇಸಾಯದ ಹಂಬಲ, ಎತ್ತುಗಳನ್ನೂ ಸಾಕಿಕೊಂಡಿದ್ದಾನೆ. ಆದರೆ ಅವನ ಜಾತಿಯವರಿಗೆ ಗೇಣಿಗೆ ಭೂಮಿ ಕೊಡುವ ಪದ್ಧತಿಯಿಲ್ಲ. ಅಲ್ಪವಾದೊಂದು ಸಾಲವನ್ನು ತೀರಿಸಲು ಅವನ ಮಕ್ಕಳು ಘಟ್ಟದ ಮೇಲಣ ಕಾಫಿತೋಟಕ್ಕೆ ದುಡಿಯಹೋಗಬೇಕಾಗುತ್ತದೆ. ಒಬ್ಬನು ಮರಳುವುದೇ ಇಲ್ಲ. ಇನ್ನೊಬ್ಬನು ಜ್ವರವನ್ನು ಹೊತ್ತು ಬಂದು ಸಾಯುತ್ತಾನೆ. ಕಾಫಿತೋಟವು ಪಟ್ಟಣವಲ್ಲವೆಂಬುದು ನಿಜ. ಆದರೂ ಕೂಲಿಗಾಗಿ ಊರು ಬಿಡುವುದರ ಸ್ವರೂಪವು ಎರಡೆಡೆಯಲ್ಲಿಯೂ ಒಂದೇ. ರಾಮನು ಮರಳಿದ ಮಣ್ಣು ಚೋಮನಿಗೆ ಎಂದೂ ದೊರೆಯಲಿಲ್ಲ. ಇಲ್ಲದ ಮಣ್ಣಿಗೆ ಮರಳುವುದೆಂತು?

ಈ ಪ್ರಶ್ನೆಗೆ ಉತ್ತರವನ್ನು ಚೋಮನಂಥವರ ಪಕ್ಕದಲ್ಲಿ ನಿಂತು ಹೇಳಿದ ಗ್ರಂಥವು ಸಿದ್ಧಲಿಂಗಯ್ಯನವರ (೧೯೫೪–೨೦೨೧) ಆತ್ಮಕಥೆ ‘ಊರುಕೇರಿ’. ೧೯೯೦ರ ದಶಕದಲ್ಲಿ ಪ್ರಕಟವಾದ ಅದರ ಮೊದಲ ಭಾಗದಲ್ಲಿ ಮಾಗಡಿಯ ಕಡೆಯ ಬಾಲ್ಯದ ಒಂದು ದೃಶ್ಯವಿದೆ: ಹೊಲದಲ್ಲಿ ಎತ್ತುಗಳಿಗೆ ಬದಲಾಗಿ ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟಿದ್ದಾರೆ, ಅವರಲ್ಲೊಬ್ಬನು ಆ ಬಾಲಕನ ತಂದೆ. ಇದನ್ನು ಗ್ರಂಥಕರ್ತರು ಕೂಗಿ ಹೇಳುವುದಿಲ್ಲ. ಸಂಯಮದಿಂದ, ಹಲವೆಡೆಗಳಲ್ಲಿ ಹಾಸ್ಯದಿಂದ, ತಮ್ಮ ಬಾಳನ್ನು ನಿರೂಪಿಸುತ್ತಾರೆ. ಸಂಸಾರವು ಬೆಂಗಳೂರಿಗೆ ಬಂದು ಶ್ರೀರಾಮಪುರದ ಕೊಳೆಗೇರಿಯಲ್ಲಿ ನೆಲೆಸುತ್ತದೆ. ಗಣತಿಯವನು ಬಂದು ಕೇಳಿದ್ದರೆ ‘ಕೆಲಸ’ವೆಂದೇ ಉತ್ತರ ಸಿಗುತ್ತಿತ್ತು. ಆದರೆ ನೊಗದಿಂದ ಹೆಗಲನ್ನು ಬಿಡಿಸಿಕೊಂಡು ಬಂದವರಿಗೆ ಆ ಪದವು ಸಾಲದು. ಕೊಳೆಗೇರಿಯ ಬಡತನದಲ್ಲಿಯೂ, ಸ್ಮಶಾನದಲ್ಲಿ ಕುಳಿತು ಓದಬೇಕಾಗಿ ಬಂದ ದಿನಗಳಲ್ಲಿಯೂ, ಆ ಬಾಲಕನಿಗೆ ಶಾಲೆ, ಪುಸ್ತಕ, ಸಭೆ, ಭಾಷಣ ಇವು ದೊರೆತವು. ಪಟ್ಟಣವು ಅವನಿಗೆ ಸುಖವನ್ನು ಕೊಡಲಿಲ್ಲ. ಆಯ್ದುಕೊಳ್ಳುವ ಶಕ್ತಿಯನ್ನು ಕೊಟ್ಟಿತು.

ಡಾಕ್ಟರ್ ಅಂಬೇಡ್ಕರರು ೧೯೪೮ರ ನವಂಬರ್ ೪ರಂದು ಸಂವಿಧಾನ ಸಭೆಯಲ್ಲಿ, ಹಳ್ಳಿಗಳನ್ನು ಹಾಡಿ ಹೊಗಳುವವರನ್ನು ತೀಕ್ಷ್ಣವಾಗಿ ಖಂಡಿಸಿದರು. ಆ ಮಾತು ಅನೇಕರಿಗೆ ಕಟುವಾಗಿ ಕೇಳಿಸಿತು. ‘ಚೋಮನ ದುಡಿ’ಯನ್ನೂ ‘ಊರುಕೇರಿ’ಯನ್ನೂ ಜೊತೆಯಾಗಿ ಓದಿದವರಿಗೆ ಅದರ ಹಿನ್ನೆಲೆಯು ತಾನಾಗಿಯೇ ತಿಳಿಯುತ್ತದೆ. ಹಾಗಾದರೆ ‘ಕೆಟ್ಟು ಪಟ್ಟಣ ಸೇರು’ ಎಂಬ ಗಾದೆಗೂ ಇಲ್ಲೊಂದು ಟಿಪ್ಪಣಿ ಬೇಕಾಗುತ್ತದೆ. ಕೆಡಲು ಮೊದಲು ಏನಾದರೂ ಇದ್ದಿರಬೇಕು. ಊರಿನಲ್ಲಿ ಭೂಮಿ ಕಾಣಿಗಳಿದ್ದವರ ಬಾಯಿಂದ ಹುಟ್ಟಿದ ಗಾದೆಯಿದು. ಹುಟ್ಟುವಾಗಲೇ ಏನೂ ಇಲ್ಲದವನ ವಿಷಯದಲ್ಲಿ ಅದು ಮೌನವಾಗಿದೆ.

೪

ಉದ್ಯೋಗವೂ ಸ್ಥಾನವೂ ದೊರೆತವನು ಸ್ವತಂತ್ರನೆಂದು ಭಾವಿಸುವುದು ಸಹಜ. ಯಶವಂತ ಚಿತ್ತಾಲರ ‘ಶಿಕಾರಿ’ಯು (೧೯೭೯) ಈ ಭಾವನೆಯನ್ನು ಪರೀಕ್ಷೆಗೊಡ್ಡುತ್ತದೆ. ಉತ್ತರ ಕನ್ನಡ ಜಿಲ್ಲೆಯ ಹನೇಹಳ್ಳಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ದುಡಿದ ಚಿತ್ತಾಲರು (೧೯೨೮–೨೦೧೪) ಈ ಕಾದಂಬರಿಯ ನಾಗಪ್ಪನಿಗೂ ಅಂಥದೇ ದಾರಿಯನ್ನು ಕೊಟ್ಟಿದ್ದಾರೆ. ರಾಸಾಯನಿಕ ವಸ್ತುಗಳ ದೊಡ್ಡ ಕಂಪನಿಯೊಂದರಲ್ಲಿ ಅಧಿಕಾರಿಯಾಗಿರುವ ಅವನು ಒಂದು ದಿನ ಸಂಶಯಕ್ಕೆ ಗುರಿಯಾಗಿ ಕೆಲಸದಿಂದ ದೂರವಿಡಲ್ಪಡುತ್ತಾನೆ. ಯಾರು ಬೇಟೆಗಾರರು, ತಾನು ಮಾಡಿದ ತಪ್ಪೇನು ಎಂಬುದನ್ನು ತಿಳಿಯುವ ಹೋರಾಟವೇ ಮುಂದಿನ ಕಥೆ. ಅವನ ಬಾಲ್ಯದ ದುಃಖಗಳನ್ನು ಅರಿತಿರುವ ಶ್ರೀನಿವಾಸನು ಆ ಅರಿವನ್ನೇ ಅವನ ವಿರುದ್ಧ ಆಯುಧವಾಗಿ ಹಿಡಿಯುತ್ತಾನೆ.

ನಾಗಪ್ಪನು ಗುಳೆ ಹೋದವನಲ್ಲ. ವಿದ್ಯೆ, ಸಾಮರ್ಥ್ಯ, ಮಹತ್ವಾಕಾಂಕ್ಷೆಗಳಿಂದ ನಗರವನ್ನು ಸೇರಿದವನು. ಮೇಲ್ನೋಟಕ್ಕೆ ಸ್ವೇಚ್ಛೆಯ ಉತ್ತಮ ನಿದರ್ಶನ. ಆದರೆ ಉದ್ಯೋಗವು ಅಲುಗಾಡಿದೊಡನೆಯೇ ಅವನ ಕಾಲ ಕೆಳಗೆ ನೆಲವಿಲ್ಲವೆಂಬುದು ಬಯಲಾಗುತ್ತದೆ. ರಾಮನನ್ನು ಕಾದಿದ್ದ ಊರು ಇವನನ್ನು ಕಾದಿಲ್ಲ. ಇವನ ಹಿಂದೆ ಇರುವುದು ನೆನಪು ಮಾತ್ರ, ಆ ನೆನಪೂ ಆಶ್ರಯವಾಗದೆ ಭಯವಾಗಿ ಬರುತ್ತದೆ. ಚಿತ್ತಾಲರ ಶೈಲಿಯು ಕೆಲವೆಡೆಗಳಲ್ಲಿ ಶಂಕೆಯ ಮೇಲೆ ಶಂಕೆಯನ್ನು ಹೆಣೆದು ವಾಚಕರನ್ನು ದಣಿಸುವುದುಂಟು. ಆ ದಣಿವು ನಾಗಪ್ಪನ ಅವಸ್ಥೆಗೆ ಅನುರೂಪವಾದುದೆಂದು ಸಮರ್ಥಿಸಬಹುದಾದರೂ, ಕಥೆಯ ಮಧ್ಯಭಾಗವು ಇನ್ನಷ್ಟು ಅಡಕವಾಗಿದ್ದಿದ್ದರೆ ಪರಿಣಾಮವು ಹೆಚ್ಚುತ್ತಿತ್ತು. ಈ ದೋಷವಿದ್ದರೂ, ಸಂಬಳದ ಬಂಧನವು ಕೂಲಿಯ ಬಂಧನದಷ್ಟೇ ಬಿಗಿಯಾಗಬಲ್ಲುದೆಂಬುದನ್ನು ಈ ಕಾದಂಬರಿಯು ಸ್ಥಾಪಿಸಿದೆ.

೫

ಇಲ್ಲಿ ಒಂದು ಆಕ್ಷೇಪವು ಬರಬಹುದು. ಹಸಿದವನಿಗೂ ಹಸಿಯದವನಿಗೂ ಇರುವ ಅಂತರವನ್ನು ಅಳಿಸಿ, ಎಲ್ಲರನ್ನೂ ಒಂದೇ ನಿರ್ಬಂಧದ ಕೆಳಗೆ ತರುವುದು ಯುಕ್ತವೇ? ಅಧಿಕಾರಿಯಾದ ನಾಗಪ್ಪನ ವ್ಯಥೆಯನ್ನು ಚೋಮನ ಮಕ್ಕಳ ಮರಣದ ಪಕ್ಕದಲ್ಲಿಡುವುದು ಅನ್ಯಾಯವಲ್ಲವೇ? ಆಕ್ಷೇಪವು ಸಾಧುವಾದುದೇ. ಇವರ ದುಃಖಗಳು ಸಮಾನವಲ್ಲ. ಸಮಾನವೆಂದು ಹೇಳುವುದು ಈ ವಿಮರ್ಶೆಯ ಉದ್ದೇಶವೂ ಅಲ್ಲ. ಅವರ ಅಂತರವನ್ನು ಅಳೆಯುವ ಕೋಲು ಯಾವುದು ಎಂಬುದಷ್ಟೇ ಇಲ್ಲಿಯ ವಿಚಾರ. ‘ಕೆಲಸಕ್ಕಾಗಿ’ ಎಂಬ ಉತ್ತರವು ನಾಲ್ವರಿಗೂ ಒಂದಲ್ಲ ಒಂದು ರೀತಿಯಲ್ಲಿ ಸಲ್ಲುತ್ತದೆ. ಆದುದರಿಂದ ಅದು ಯಾರನ್ನೂ ಬೇರ್ಪಡಿಸಿ ತೋರಿಸಲಾರದು. ‘ಬೇಡವೆನಿಸಿದರೆ ಮರಳಬಲ್ಲನೇ? ಮರಳಿದಲ್ಲಿ ತಲೆಯೆತ್ತಿ ಬಾಳಬಲ್ಲನೇ?’ ಎಂದು ಕೇಳಿದರೆ ನಾಲ್ವರೂ ಬೇರೆ ಬೇರೆಯಾಗಿ ನಿಲ್ಲುತ್ತಾರೆ. ರಾಮನು ಮರಳಬಲ್ಲ. ಚೋಮನ ಮಕ್ಕಳು ಮರಳಿದರೂ ಅಲ್ಲಿ ಅವರದೆಂಬ ನೆಲವಿಲ್ಲ. ಶ್ರೀರಾಮಪುರದ ಬಾಲಕನಿಗೆ ಮರಳುವುದೆಂದರೆ ನೊಗಕ್ಕೆ ಮರಳುವುದು. ನಾಗಪ್ಪನಿಗೆ ಮರಳಲು ಉಳಿದಿರುವುದು ನೆನಪೊಂದೇ.

ಈ ಪರೀಕ್ಷೆಯು ಕಾದಂಬರಿಗಳಿಗೆ ಮಾತ್ರ ಸಂಬಂಧಿಸಿದುದಲ್ಲವೆಂಬುದು ೨೦೨೦ರಲ್ಲಿ ಎಲ್ಲರಿಗೂ ಪ್ರತ್ಯಕ್ಷವಾಯಿತು. ಆ ವರ್ಷ ಮಾರ್ಚ್ ೨೫ರಿಂದ ದೇಶವೆಲ್ಲ ಬಾಗಿಲು ಮುಚ್ಚಿದಾಗ, ಪಟ್ಟಣಗಳನ್ನು ಕಟ್ಟಿದ ಕೂಲಿಗಾರರು ನೂರಾರು ಮೈಲಿ ನಡೆದು ಊರುಗಳಿಗೆ ಹೊರಟರು. ಮೇ ತಿಂಗಳ ಮೊದಲ ವಾರದಲ್ಲಿ ಕರ್ನಾಟಕ ಸರಕಾರವು ಕಟ್ಟಡ ನಿರ್ಮಾಪಕರೊಡನೆ ಸಮಾಲೋಚಿಸಿದ ಮೇಲೆ, ಹೊರರಾಜ್ಯಗಳ ಕಾರ್ಮಿಕರಿಗಾಗಿ ಕೇಳಿದ್ದ ವಿಶೇಷ ರೈಲುಗಳು ಬೇಡವೆಂದು ತಿಳಿಸಿತು. ಎಲ್ಲ ಕಡೆಗಳಿಂದ ಟೀಕೆ ಬರಲಾಗಿ ಕೆಲವೇ ದಿನಗಳಲ್ಲಿ ಆ ನಿರ್ಧಾರವನ್ನು ಬದಲಾಯಿಸಿತು. ಆ ಕೂಲಿಗಾರರು ಬೆಂಗಳೂರಿಗೆ ಬರುವಾಗ ಅವರನ್ನು ಯಾರೂ ಹಿಡಿದು ತಂದಿರಲಿಲ್ಲ. ಹಿಂದಿರುಗುವೆವೆಂದಾಗ ಮಾತ್ರ, ಅವರ ಬರವು ಎಷ್ಟರಮಟ್ಟಿಗೆ ಇಚ್ಛೆಯದಾಗಿತ್ತು ಎಂಬ ಪ್ರಶ್ನೆಯು ಎದುರಿಗೆ ಬಂದು ನಿಂತಿತು.

ಇಷ್ಟರಿಂದ ಸಿದ್ಧವಾಗುವುದೇನೆಂದರೆ, ಇಚ್ಛೆಯೋ ಕೆಲಸವೋ ಎಂಬ ಪ್ರಶ್ನೆಯು ಹೊರಡುವ ದಿನದಲ್ಲಿ ನಿರ್ಣಯವಾಗತಕ್ಕುದಲ್ಲ. ಮರಳುವ ದಾರಿಯಲ್ಲಿ ನಿರ್ಣಯವಾಗತಕ್ಕುದು. ಊರಿನಲ್ಲಿ ನಿಲ್ಲಲು ನೆಲವೂ ಮರ್ಯಾದೆಯೂ ಇದ್ದು, ಪಟ್ಟಣದಲ್ಲಿ ಬಾಳಲು ಕೆಲಸವೂ ಇದ್ದವನು ಮಾತ್ರ ಎರಡರಲ್ಲೊಂದನ್ನು ಆಯ್ದುಕೊಂಡನೆಂದು ಹೇಳಬಹುದು. ಅಂಥವರ ಸಂಖ್ಯೆ ಹೆಚ್ಚುವ ತನಕ, ಪಟ್ಟಣ ಸೇರಿದವನನ್ನು ಆಸೆಬುರುಕನೆಂದು ಹಳಿಯುವುದಾಗಲಿ, ಊರಿಗೆ ಮರಳಿದವನೊಬ್ಬನನ್ನೇ ಆದರ್ಶವೆಂದು ಪೂಜಿಸುವುದಾಗಲಿ ವಿಮರ್ಶೆಯ ಕೆಲಸವಾಗಲಾರದು. ‘ಮರಳಿ ಮಣ್ಣಿಗೆ’ಯನ್ನು ಓದಿದವರು ‘ಚೋಮನ ದುಡಿ’ಯನ್ನು ಮತ್ತೊಮ್ಮೆ ಓದಿ, ಅದರ ಪಕ್ಕದಲ್ಲಿ ‘ಊರುಕೇರಿ’ಯನ್ನು ಇಟ್ಟುಕೊಳ್ಳುವುದು ಉಚಿತ.